ವಿಂಡೋಸ್ 10 ನಿಂತ ಮೇಲೆ ಹಳೆಯ ಕಂಪ್ಯೂಟರಿಗೆ ಯಾವ ದಾರಿ? ಐದು ಆಯ್ಕೆಗಳ ಹೋಲಿಕೆ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಲ್ಲಿಸಿತು. ಆಗಿನಿಂದ ಬಹಳ ಜನ ಒಂದೇ ಗೊಂದಲದಲ್ಲಿದ್ದಾರೆ. ಲ್ಯಾಪ್‌ಟಾಪ್ ಚೆನ್ನಾಗಿಯೇ ನಡೆಯುತ್ತಿದೆ, ಆದರೆ ವಿಂಡೋಸ್ 11 ಹಾಕಲು ಹೋದರೆ ‘ನಿಮ್ಮ ಪಿಸಿ ಅರ್ಹವಲ್ಲ’ ಎನ್ನುತ್ತದೆ. ಇದ್ದದ್ದನ್ನೇ ಮುಂದುವರಿಸುವುದೋ, ಹೇಗಾದರೂ ಮಾಡಿ 11 ಹಾಕಿಸುವುದೋ, ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂಗೆ ಹೋಗುವುದೋ, ಇಲ್ಲ ಮಾರಿ ಬೇರೆ ಕೊಳ್ಳುವುದೋ?

ಅಪ್‌ಡೇಟ್ ನಿಂತಿತೆಂದು ಕಂಪ್ಯೂಟರ್ ನಿಲ್ಲುವುದಿಲ್ಲ. ಆದರೆ ಇನ್ನು ಮುಂದೆ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ಬರುವುದಿಲ್ಲ. ಇಂಟರ್‌ನೆಟ್ಟಿಗೆ ಸೇರಿಸದೆ ಬರೀ ಪತ್ರ ಟೈಪ್ ಮಾಡುವ ಯಂತ್ರಕ್ಕೆ ಇದರಿಂದ ದೊಡ್ಡ ನಷ್ಟವಿಲ್ಲ. ನೆಟ್ ಬ್ಯಾಂಕಿಂಗ್, ಜಿಎಸ್‌ಟಿ, ಆಧಾರ್ ಕೆಲಸ ನಡೆಯುವ ಯಂತ್ರವನ್ನು ಹಾಗೆ ಬಿಡುವಂತಿಲ್ಲ.

ಮೊದಲು, ನಿಮ್ಮ ಕಂಪ್ಯೂಟರ್ ನಿಜಕ್ಕೂ ಅನರ್ಹವೇ ನೋಡಿ

‘ಅರ್ಹವಲ್ಲ’ ಎಂಬ ಸಂದೇಶ ಬಂದ ಎಲ್ಲ ಕಂಪ್ಯೂಟರುಗಳೂ ಅನರ್ಹವಲ್ಲ. ವಿಂಡೋಸ್ 11 ಕೇಳುವುದು 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಯುಇಎಫ್‌ಐ ಬೂಟ್ (ಕಂಪ್ಯೂಟರ್ ಆರಂಭವಾಗುವ ಹೊಸ ವಿಧಾನ), ಸೆಕ್ಯೂರ್ ಬೂಟ್ ಸೌಲಭ್ಯ (ನಂಬಲರ್ಹ ಸಿಸ್ಟಂ ಮಾತ್ರ ಆರಂಭವಾಗಲು ಬಿಡುವ ರಕ್ಷಣೆ), ಟಿಪಿಎಂ 2.0 (ಭದ್ರತಾ ಕೀಗಳನ್ನು ಕಾಯುವ ಚಿಪ್) ಮತ್ತು ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಪ್ರೊಸೆಸರ್. ಇಂಟೆಲ್ ಆದರೆ 8ನೇ ಜನರೇಷನ್‌ನಿಂದ ಈಚಿನದು. ಪ್ರೊಸೆಸರ್ ಹೆಸರಿನಲ್ಲೇ ಇದು ಗೊತ್ತಾಗುತ್ತದೆ: ಐ5-8250ಯು ಎಂದಿದ್ದರೆ 8ನೇ ಜನರೇಷನ್, ಐ5-7200ಯು ಆದರೆ 7ನೆಯದು, ಐ3-5005ಯು ಆದರೆ 5ನೆಯದು. ಎಎಂಡಿಯಲ್ಲಿ ಸ್ವಲ್ಪ ಎಚ್ಚರ ಬೇಕು. ರೈಜೆನ್ 2000 ಸರಣಿಯಿಂದ ನಡೆಯುತ್ತದೆ ಎನ್ನುತ್ತಾರೆ, ಆದರೆ ರೈಜೆನ್ 5 2500ಯು ಮತ್ತು 2400ಜಿ ಒಳಗಿರುವುದು ಹಿಂದಿನ ಪೀಳಿಗೆಯ ವಿನ್ಯಾಸ. ಅಂಕಿ 2ರಿಂದ ಶುರುವಾದರೂ ಅವು ಪಟ್ಟಿಯಲ್ಲಿಲ್ಲ.

ಪ್ರೊಸೆಸರ್ ಪಟ್ಟಿಯಲ್ಲಿದ್ದೂ ಅನರ್ಹ ಎಂದು ಬಂದರೆ ಸಾಮಾನ್ಯವಾಗಿ ಟಿಪಿಎಂ ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ತೆರೆಯುವ, ಯಂತ್ರದ ಮೂಲ ಸೆಟ್ಟಿಂಗ್ ಪುಟದಲ್ಲಿ) ಆಫ್ ಆಗಿರುತ್ತದೆ. ಬಿಡಿಭಾಗ ಜೋಡಿಸಿ ಕಟ್ಟಿದ ಡೆಸ್ಕ್‌ಟಾಪ್‌ಗಳಲ್ಲಿ ಇದು ಬಹಳ. ಕಂಪ್ಯೂಟರ್ ಆನ್ ಮಾಡುವಾಗ ಡೆಲ್, ಏಸರ್, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತಿ ಬಯೋಸ್‌ಗೆ ಹೋಗಿ. ಇಂಟೆಲ್ ಆದರೆ ‘ಪಿಟಿಟಿ’, ಎಎಂಡಿ ಆದರೆ ‘ಎಫ್‌ಟಿಪಿಎಂ’ ಎಂಬ ಹೆಸರಿನಲ್ಲಿ ಸ್ವಿಚ್ ಇರುತ್ತದೆ, ಅದನ್ನು ಆನ್ ಮಾಡಿ. ಡಿಸ್ಕ್ ಬಿಟ್‌ಲಾಕರ್‌ನಿಂದ ಎನ್‌ಕ್ರಿಪ್ಟ್ ಆಗಿದ್ದರೆ ಬಯೋಸ್ ಮುಟ್ಟುವ ಮೊದಲೇ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಕೀ ಕೇಳಿದಾಗ ಕೈಯಲ್ಲಿಲ್ಲದಿದ್ದರೆ ಡಿಸ್ಕ್‌ನಲ್ಲಿರುವುದೆಲ್ಲ ಹೋದ ಹಾಗೆ.

ಇಷ್ಟರಿಂದಲೇ ವಿಂಡೋಸ್ 11 ಸಿಕ್ಕಿದರೆ ಮುಂದಿನದನ್ನು ಓದಬೇಕಿಲ್ಲ.

ಅಳೆಯುವುದು ಯಾವುದರಿಂದ?

ಪ್ರೊಸೆಸರ್ ಎಷ್ಟು ಹಳೆಯದು ಎಂಬುದರಿಂದಲೇ ಎಲ್ಲರೂ ಶುರು ಮಾಡುತ್ತಾರೆ. ಆದರೆ ನಿಜವಾಗಿ ದಾರಿ ತೀರ್ಮಾನಿಸುವುದು ಬೇರೆ ಪ್ರಶ್ನೆ: ಈ ಕಂಪ್ಯೂಟರಿನಲ್ಲಿ ವಿಂಡೋಸ್ ಇಲ್ಲದೆ ನಡೆಯದ ಕೆಲಸ ಯಾವುದು? ಒಂದು ಹಾಳೆ ತೆಗೆದುಕೊಂಡು ವಾರವಿಡೀ ತೆರೆದ ಪ್ರೋಗ್ರಾಂಗಳ ಹೆಸರು ಬರೆಯಿರಿ. ಟ್ಯಾಲಿ ಪ್ರೈಮ್ ವಿಂಡೋಸ್‌ಗೆ ಮಾತ್ರ ಇರುವ ತಂತ್ರಾಂಶ. ಗ್ರಾಮ ಒನ್, ಸಿಎಸ್‌ಸಿಯಂಥ ಕೇಂದ್ರಗಳಲ್ಲಿ ಬೆರಳ ಗುರುತು ಓದುವ ಯಂತ್ರಕ್ಕೆ ಬೇಕಾದ ಆರ್‌ಡಿ ಸರ್ವಿಸ್ ಎಂಬ ತಂತ್ರಾಂಶ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ನಡೆಯುವುದು ವಿಂಡೋಸ್ ಮೇಲೆಯೇ. ಡಿಜಿಟಲ್ ಸಹಿಯ ಟೋಕನ್ (ಸಹಿ ಇರುವ ಯುಎಸ್‌ಬಿ ಸಾಧನ), ನುಡಿ ಮತ್ತು ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಕಡತಗಳು, ಕ್ಯಾನನ್‌ನ ಕೆಲವು ಪ್ರಿಂಟರ್‌ಗಳೂ ಈ ಪಟ್ಟಿಗೆ ಬರುತ್ತವೆ. ಪಟ್ಟಿಯಲ್ಲಿ ಬರೀ ಬ್ರೌಸರ್, ಯೂಟ್ಯೂಬ್, ಇಮೇಲ್, ವಾಟ್ಸ್ಆ್ಯಪ್ ವೆಬ್ ಇದ್ದರೆ ನಿಮಗೆ ಎಲ್ಲ ದಾರಿಯೂ ತೆರೆದಿದೆ.

ಎರಡನೆಯದು, ಭದ್ರತಾ ಅಪ್‌ಡೇಟ್ ಯಾವ ತಾರೀಖಿನವರೆಗೆ ಬರುತ್ತದೆ ಎಂಬುದು. ಮೂರನೆಯದು ರ‍್ಯಾಮ್ ಮತ್ತು ಡಿಸ್ಕ್. ನಾಲ್ಕನೆಯದು, ಏನಾದರೂ ಕೆಟ್ಟರೆ ರಿಪೇರಿ ಮಾಡುವವರು ಯಾರು. ಲಿನಕ್ಸ್ ಬಲ್ಲ ಮಗಳು ಮನೆಯಲ್ಲಿದ್ದರೆ ಒಂದು ಉತ್ತರ, ತಾಲ್ಲೂಕಿನ ಅಂಗಡಿಯವರನ್ನೇ ನಂಬಿಕೊಂಡಿದ್ದರೆ ಇನ್ನೊಂದು ಉತ್ತರ. ಹಣ ಕೊನೆಯದು, ಏಕೆಂದರೆ ಐದು ದಾರಿಗಳಲ್ಲಿ ನಾಲ್ಕಕ್ಕೆ ಹೆಚ್ಚು ಖರ್ಚೇ ಇಲ್ಲ.

ರ‍್ಯಾಮ್ ಮತ್ತು ಡಿಸ್ಕ್ ವಿಷಯ ಇಲ್ಲೇ ಮುಗಿಸೋಣ, ಎಲ್ಲ ಆಯ್ಕೆಗೂ ಅದು ಅನ್ವಯಿಸುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಕಾಲಂ ಸದಾ 100 ಪರ್ಸೆಂಟ್ ತೋರಿಸುತ್ತಿದ್ದರೆ ನಿಧಾನಕ್ಕೆ ಕಾರಣ ಪ್ರೊಸೆಸರ್ ಅಲ್ಲ, ತಿರುಗುವ ಹಾರ್ಡ್ ಡಿಸ್ಕ್. ಯಾವ ಆಪರೇಟಿಂಗ್ ಸಿಸ್ಟಂ ಹಾಕಿದರೂ ಅದು ಹಾಗೆಯೇ ಇರುತ್ತದೆ. 240 ಅಥವಾ 256 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸುವುದು ಹಳೆಯ ಲ್ಯಾಪ್‌ಟಾಪಿಗೆ ಮಾಡಬಹುದಾದ ಅತ್ಯಂತ ದೊಡ್ಡ ಉಪಕಾರ. ಎಸ್‌ಎಸ್‌ಡಿ ದಪ್ಪ 7 ಮಿಲಿಮೀಟರ್, ಹಳೆಯ ಲ್ಯಾಪ್‌ಟಾಪಿನ ಜಾಗ ಕೆಲವೊಮ್ಮೆ 9.5 ಮಿಲಿಮೀಟರ್ ಇರುತ್ತದೆ. ಸಡಿಲವಾದರೆ ಪ್ಯಾಕೆಟ್ಟಿನಲ್ಲಿ ಬರುವ ಪ್ಲಾಸ್ಟಿಕ್ ಚೌಕಟ್ಟು ಅಂಟಿಸಿ.

ರ‍್ಯಾಮ್ ಕೊಳ್ಳುವಾಗ ಆಗುವ ತಪ್ಪು ವೋಲ್ಟೇಜಿನದು. 4ನೇ ಜನರೇಷನ್ ಲ್ಯಾಪ್‌ಟಾಪ್‌ಗಳಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕು. ನೋಡಲು ಒಂದೇ ತರಹ ಇರುವ 1.5 ವೋಲ್ಟಿನ ಹಳೆಯ ಡಿಡಿಆರ್3 ಹಾಕಿದರೆ ಸ್ಕ್ರೀನ್ ಕಪ್ಪಾಗಿಯೇ ಉಳಿಯುತ್ತದೆ, ಮದರ್‌ಬೋರ್ಡ್ ಹೋಯಿತೇನೋ ಎಂದು ಗಾಬರಿಯಾಗುತ್ತದೆ. ಚಿಪ್ಪಿನ ಲೇಬಲ್‌ನಲ್ಲಿ ‘ಪಿಸಿ3ಎಲ್’ ಎಂದಿದೆಯೇ ನೋಡಿ ಕೊಳ್ಳಿ.

ದಾರಿ 1: ವಿಂಡೋಸ್ 10ನ್ನೇ ವಿಸ್ತರಿತ ಅಪ್‌ಡೇಟ್‌ನೊಂದಿಗೆ ಇಟ್ಟುಕೊಳ್ಳುವುದು

ಇಎಸ್‌ಯು ಎಂಬ ಹೆಸರಿನಲ್ಲಿ ಮೈಕ್ರೋಸಾಫ್ಟ್ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಘೋಷಿಸಿದೆ. ಸೇರಲು ಮೂರು ವಿಧ: ವಿಂಡೋಸ್ ಬ್ಯಾಕಪ್ ಮೂಲಕ ಸೆಟ್ಟಿಂಗ್‌ಗಳನ್ನು ಸಿಂಕ್ ಮಾಡಿದರೆ ಉಚಿತ, 1000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಪಾಯಿಂಟ್ ಕೊಟ್ಟು, ಇಲ್ಲವೇ 30 ಡಾಲರ್‌ಗೆ ಸಮನಾದ ಹಣ ಒಮ್ಮೆ ಕಟ್ಟಿ. ಒಂದೇ ಲೈಸೆನ್ಸ್ 10 ಕಂಪ್ಯೂಟರ್‌ವರೆಗೆ ಸಲ್ಲುತ್ತದೆ.

ವಿಂಡೋಸ್ 10ರ ಆವೃತ್ತಿ 22ಎಚ್2 ಆಗಿರಬೇಕು, ಬಾಕಿ ಇರುವ ಅಪ್‌ಡೇಟ್ ಎಲ್ಲ ಹಾಕಿರಬೇಕು, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಬೇಕು. ಆಮೇಲೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಬಲಬದಿಗೆ ‘ಎನ್‌ರೋಲ್ ನೌ’ ಎಂಬ ಕೊಂಡಿ ಕಾಣುತ್ತದೆ. ಉಚಿತ ದಾರಿಯಲ್ಲಿ ಜನ ಎಡವುವುದು ಒನ್‌ಡ್ರೈವ್ ವಿಷಯದಲ್ಲಿ. ಅದರಲ್ಲಿ ಉಚಿತ ಜಾಗ 5 ಜಿಬಿ ಮಾತ್ರ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳೂ ಸಿಂಕ್‌ಗೆ ಸೇರಿಕೊಂಡರೆ ಒಂದೇ ದಿನದಲ್ಲಿ ತುಂಬಿ ‘ಜಾಗ ಕೊಳ್ಳಿ’ ಎಂದು ಕಾಡುತ್ತದೆ. ಫೋಲ್ಡರ್‌ಗಳನ್ನು ಆಫ್ ಮಾಡಿ, ಸೆಟ್ಟಿಂಗ್‌ಗಳ ಸಿಂಕ್ ಮಾತ್ರ ಬಿಡಿ. ಅಷ್ಟೇ ಸಾಕು.

ಡೊಮೇನ್‌ಗೆ (ಸಂಸ್ಥೆಯೇ ನಿಯಂತ್ರಿಸುವ ಜಾಲಕ್ಕೆ) ಸೇರಿಸಿದ ಕಚೇರಿ ಕಂಪ್ಯೂಟರಿಗೆ ಈ ಯೋಜನೆ ಸಿಗದು. ಸಂಸ್ಥೆಗಳಿಗೆ ಬೇರೆ ದರವಿದೆ: ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ನಂತರ ಪ್ರತಿ ವರ್ಷ ಇಮ್ಮಡಿ, ಹೆಚ್ಚೆಂದರೆ ಮೂರು ವರ್ಷ. ಮೂರೂ ವರ್ಷದ ಮೊತ್ತ 400 ಡಾಲರ್ ದಾಟುತ್ತದೆ. ಆ ದುಡ್ಡಿಗೆ ಅರ್ಹ ಯಂತ್ರವೇ ಬರುತ್ತದೆ.

ಇದು ಸಮಯ ಕೊಳ್ಳುವ ದಾರಿ. ಏನೂ ಬದಲಾಗುವುದಿಲ್ಲ ಎಂಬುದೇ ಇದರ ಲಾಭ. ತಾರೀಖು ಬಂದಾಗ ಮತ್ತೆ ಇದೇ ಪ್ರಶ್ನೆ ಎದುರಾಗುತ್ತದೆ. ಡಿಫೆಂಡರ್ ಆಂಟಿವೈರಸ್‌ನ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೆ ಬರುತ್ತದೆ ಎಂದು ಅದರ ಮೇಲೆ ಭಾರ ಹಾಕಬೇಡಿ. ಆಂಟಿವೈರಸ್ ಹಿಡಿಯುವುದು ಒಳಗೆ ಬಂದ ಕಡತವನ್ನು, ಸಿಸ್ಟಂನ ಲೋಪವನ್ನು ಅದು ಮುಚ್ಚುವುದಿಲ್ಲ.

ದಾರಿ 2: ಅನರ್ಹ ಯಂತ್ರಕ್ಕೇ ವಿಂಡೋಸ್ 11

ರುಫಸ್ ಎಂಬ ಉಚಿತ ತಂತ್ರಾಂಶದಿಂದ ಇದು ಸಾಧ್ಯ, ಕಷ್ಟವೂ ಅಲ್ಲ. ಮೈಕ್ರೋಸಾಫ್ಟ್‌ನ ತಾಣದಿಂದಲೇ ವಿಂಡೋಸ್ 11ರ ಐಎಸ್‌ಒ (ಸಿಸ್ಟಂ ಹಾಕಲು ಬೇಕಾದ ಒಂದೇ ದೊಡ್ಡ ಕಡತ) ಇಳಿಸಿಕೊಂಡು, 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್ ಹಾಕಿ ರುಫಸ್‌ನಲ್ಲಿ ಸ್ಟಾರ್ಟ್ ಒತ್ತಿದರೆ ಒಂದು ಪುಟ್ಟ ಕಿಟಕಿ ತೆರೆಯುತ್ತದೆ. ಅದರಲ್ಲಿ ರ‍್ಯಾಮ್, ಸೆಕ್ಯೂರ್ ಬೂಟ್ ಮತ್ತು ಟಿಪಿಎಂ ಷರತ್ತು ತೆಗೆಯುವ ಚೌಕಕ್ಕೆ ಗುರುತು ಹಾಕಿ. ಬಿಟ್‌ಲಾಕರ್ ತಾನಾಗಿ ಶುರುವಾಗದಂತೆ ಮಾಡುವ ಚೌಕವನ್ನೂ ಆರಿಸಿ. ಯಂತ್ರ ಹಳೆಯ ಬಯೋಸ್ ಶೈಲಿಯಲ್ಲಿ ಬೂಟ್ ಆಗುವುದಾದರೆ ಪಾರ್ಟಿಷನ್ ವಿಧಾನವನ್ನು ಎಂಬಿಆರ್‌ಗೆ ಬದಲಿಸಿ, ಇಲ್ಲದಿದ್ದರೆ ಪೆನ್‌ಡ್ರೈವ್ ಕಾಣಿಸಿಕೊಳ್ಳುವುದೇ ಇಲ್ಲ.

ಕಡತ, ಪ್ರೋಗ್ರಾಂ ಉಳಿಸಿಕೊಂಡೇ ಮೇಲೇರಬೇಕೆಂದರೆ ರುಫಸ್ 4.6 ಅಥವಾ ಹೊಸದು ಬೇಕು. ಆ ಆವೃತ್ತಿಯಿಂದ ವಿಂಡೋಸ್ 10ರ ಒಳಗಿನಿಂದಲೇ ಪೆನ್‌ಡ್ರೈವ್‌ನ ಸೆಟಪ್ ಓಡಿಸಿದರೂ ಅಡ್ಡಿ ಬರುವುದಿಲ್ಲ. ಹೊಸ ಕೀ ಬೇಕಿಲ್ಲ, ವಿಂಡೋಸ್ 10ರ ಡಿಜಿಟಲ್ ಲೈಸೆನ್ಸೇ ಸಲ್ಲುತ್ತದೆ. ಆದರೆ ವಿಂಡೋಸ್ 7 ಅಥವಾ 8ರ ಸ್ಟಿಕ್ಕರ್ ಕೀಯಿಂದ ಹೊಸದಾಗಿ ಆಕ್ಟಿವೇಟ್ ಮಾಡುವುದನ್ನು 2023ರಲ್ಲೇ ಮೈಕ್ರೋಸಾಫ್ಟ್ ನಿಲ್ಲಿಸಿದೆ.

ದಾಟಲಾಗದ ಗೋಡೆಯೂ ಒಂದಿದೆ. 24ಎಚ್2 ಆವೃತ್ತಿಯಿಂದ ವಿಂಡೋಸ್ 11ಕ್ಕೆ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ4.2 ಎಂಬ ಸೂಚನಾಗುಚ್ಛ ಇರಲೇಬೇಕು. ಇಂಟೆಲ್‌ನ ಮೊದಲ ಜನರೇಷನ್ ಐ3, ಐ5, ಐ7ರಿಂದ ಈಚೆಗೆ ಇದು ಇದೆ. ಕೋರ್ 2 ಡ್ಯುಯೊದಲ್ಲಿ ಇಲ್ಲ. ಯಾವ ಉಪಾಯ ಮಾಡಿದರೂ ಅದರಲ್ಲಿ ಬೂಟ್ ಆಗದು.

ಇನ್ನು ಒಳಗಿನ ಲೆಕ್ಕ. ಇಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ತನಗಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ತಿಂಗಳ ಭದ್ರತಾ ಅಪ್‌ಡೇಟ್ ಬರುತ್ತಿವೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ, ಮತ್ತೆ ರುಫಸ್ ಪೆನ್‌ಡ್ರೈವ್ ಮಾಡಿ ನೀವೇ ಏರಿಸಬೇಕು. ಹೋಮ್ ಮತ್ತು ಪ್ರೊಗಳಲ್ಲಿ ಒಂದು ಆವೃತ್ತಿಯ ಆಯಸ್ಸು 24 ತಿಂಗಳು: 24ಎಚ್2ಗೆ 2026ರ ಅಕ್ಟೋಬರ್ 13, 25ಎಚ್2ಗೆ 2027ರ ಅಕ್ಟೋಬರ್ 12. ಇದನ್ನು ಮರೆತರೆ ‘ವಿಂಡೋಸ್ 11 ಇದೆಯಲ್ಲ’ ಎಂಬ ನೆಮ್ಮದಿಯಲ್ಲೇ ಅಪ್‌ಡೇಟ್ ಇಲ್ಲದ ಯಂತ್ರ ಬಳಸುತ್ತಿರುತ್ತೀರಿ. ಅಂಗಡಿಯಲ್ಲಿ ಹಾಕಿಸಿಕೊಂಡು ಬಂದವರಿಗೆ ಹೀಗಾಗುವ ಸಂಭವ ಹೆಚ್ಚು, ಏಕೆಂದರೆ ಎರಡು ವರ್ಷದ ನಂತರ ಮತ್ತೆ ಬರಬೇಕೆಂದು ಅಲ್ಲಿ ಯಾರೂ ಹೇಳಿರುವುದಿಲ್ಲ.

ವೇಗದ ಮಾತು. 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರುವ 6ನೇ, 7ನೇ ಜನರೇಷನ್ ಯಂತ್ರದಲ್ಲಿ ವಿಂಡೋಸ್ 11 ಸರಾಗವಾಗಿ ನಡೆಯುತ್ತದೆ. 4 ಜಿಬಿಯಲ್ಲಿ ಬ್ರೌಸರಿನ ನಾಲ್ಕು ಟ್ಯಾಬ್‌ಗೇ ಉಸಿರುಗಟ್ಟುತ್ತದೆ. ಹಾಕಿದ ಮೇಲೆ ನಿಧಾನ ಅನ್ನಿಸಿದರೆ ವಿಂಡೋಸ್ ಸೆಕ್ಯುರಿಟಿಯ ‘ಕೋರ್ ಐಸೊಲೇಷನ್’ ಪುಟದಲ್ಲಿ ‘ಮೆಮೊರಿ ಇಂಟೆಗ್ರಿಟಿ’ ಆನ್ ಆಗಿದೆಯೇ ನೋಡಿ. ಇದಕ್ಕೆ ಬೇಕಾದ ಹಾರ್ಡ್‌ವೇರ್ ನೆರವು ಇಂಟೆಲ್‌ನಲ್ಲಿ ಬಂದದ್ದು 7ನೇ ಜನರೇಷನ್‌ನಿಂದ. ಅದಕ್ಕೂ ಹಿಂದಿನ ಪ್ರೊಸೆಸರ್ ಅದೇ ಕೆಲಸವನ್ನು ತಂತ್ರಾಂಶದಲ್ಲಿ ಅನುಕರಿಸಿ ಏದುಸಿರು ಬಿಡುತ್ತದೆ. ಆಫ್ ಮಾಡಿದರೆ ವೇಗ ಮರಳುತ್ತದೆ, ರಕ್ಷಣೆಯ ಒಂದು ಪದರ ಹೋಗುತ್ತದೆ.

ಪೆನ್‌ಡ್ರೈವ್ ಮಾಡಿ ಸಿಸ್ಟಂ ಹಾಕುವುದು ಕೈಗೆ ಕುದುರಿದವರಿಗೆ, 8 ಜಿಬಿ ಇದ್ದವರಿಗೆ, ವಿಂಡೋಸ್ ಬೇಕೇ ಬೇಕು ಎನ್ನುವವರಿಗೆ ಇದು ಸರಿ. ಊರಿನಲ್ಲಿರುವ ಅಪ್ಪ–ಅಮ್ಮನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟು ಬೆಂಗಳೂರಿಗೆ ಬಂದುಬಿಡಬೇಡಿ.

ದಾರಿ 3: ಲಿನಕ್ಸ್ ಮಿಂಟ್

ಲಿನಕ್ಸ್‌ನಲ್ಲಿ ಹತ್ತಾರು ಬಗೆ ಇವೆ. ವಿಂಡೋಸ್‌ನಿಂದ ಬರುವವರಿಗೆ ಮಿಂಟ್ ಸಾಕು, ಹುಡುಕಾಟ ಅಲ್ಲಿಗೇ ನಿಲ್ಲಿಸಿ. ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ ಎಲ್ಲ ಇದ್ದ ಜಾಗದಲ್ಲೇ ಇರುತ್ತವೆ. 22ನೇ ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ, ಉಚಿತವಾಗಿ, ಯಾವ ಅಕೌಂಟೂ ಇಲ್ಲದೆ. ಉಳಿದ ಯಾವ ದಾರಿಯೂ ಹಳೆಯ ಯಂತ್ರಕ್ಕೆ ಇಷ್ಟು ಖಚಿತವಾದ ಆಯಸ್ಸು ಕೊಡುವುದಿಲ್ಲ. 8 ಜಿಬಿ ಇದ್ದರೆ ಸಿನಮನ್ ಆವೃತ್ತಿ, 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ. ಕನಿಷ್ಠ 2 ಜಿಬಿ ಎಂದು ಮಿಂಟ್‌ನವರೇ ಹೇಳಿದರೂ ಇಂದಿನ ವೆಬ್‌ಸೈಟ್‌ಗಳಿಗೆ 2 ಜಿಬಿ ಸಾಲದು.

ಇದರ ದೊಡ್ಡ ಅನುಕೂಲವೆಂದರೆ ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ‘ಫಾಸ್ಟ್ ಸ್ಟಾರ್ಟಪ್’ ಮೊದಲು ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ, ಲಿನಕ್ಸ್‌ಗೆ ಆ ಡಿಸ್ಕ್ ಓದಲು ಮಾತ್ರ ಸಿಗುತ್ತದೆ, ಬರೆಯಲು ಬಿಡುವುದಿಲ್ಲ. ಆಮೇಲೆ ಮಿಂಟ್ ತುಂಬಿದ ಪೆನ್‌ಡ್ರೈವ್ ಹಾಕಿ, ಆನ್ ಆಗುವಾಗ ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್ ಒತ್ತಿ. ಏಸರ್‌ನಲ್ಲಿ ಎಫ್12 ಮೆನುವನ್ನು ಬಯೋಸ್‌ನಲ್ಲಿ ಆನ್ ಮಾಡಬೇಕು. ಸೆಕ್ಯೂರ್ ಬೂಟ್ ಸ್ವಿಚ್ ಅಲ್ಲಿ ಮಂಕಾಗಿ ಕಂಡರೆ ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟ ಮೇಲೆ ಅದು ತೆರೆದುಕೊಳ್ಳುತ್ತದೆ.

ಓಡಿಸಿ ನೋಡುವಾಗ ಪರೀಕ್ಷಿಸಬೇಕಾದ್ದು: ವೈಫೈ, ಸೌಂಡ್, ಕ್ಯಾಮೆರಾ, ಸ್ಕ್ರೀನ್ ಬೆಳಕಿನ ಕೀ, ಮುಚ್ಚಳ ಮುಚ್ಚಿ ತೆರೆದಾಗ ಎಚ್ಚರವಾಗುತ್ತದೆಯೇ, ಮತ್ತು ಪ್ರಿಂಟರ್. 2012–15ರ ಡೆಲ್, ಎಚ್‌ಪಿ ಲ್ಯಾಪ್‌ಟಾಪ್‌ಗಳಲ್ಲಿ ಬ್ರಾಡ್‌ಕಾಂ ವೈಫೈ ಕಾರ್ಡ್ ಇದ್ದರೆ ಮೊದಲಿಗೆ ವೈಫೈ ಕಾಣುವುದೇ ಇಲ್ಲ. ಫೋನನ್ನು ಕೇಬಲ್‌ನಿಂದ ಸೇರಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಡ್ರೈವರ್ ಅದೇ ತೋರಿಸುತ್ತದೆ. ಎಚ್‌ಪಿಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇರುವ ರಿಯಲ್‌ಟೆಕ್ 8723ಬಿಇ ಕಾರ್ಡ್‌ನಲ್ಲಿ ವೈಫೈ ಸಿಕ್ಕರೂ ರೂಟರ್ ಪಕ್ಕದಲ್ಲಿ ಕೂತಾಗ ಮಾತ್ರ ಹಿಡಿಯುತ್ತದೆ. ಕಾರ್ಡ್‌ಗೆ ಒಂದೇ ಆಂಟೆನಾ ಜೋಡಿಸಿದ್ದು, ಡ್ರೈವರ್ ಇನ್ನೊಂದರ ಕಡೆ ಕಿವಿಗೊಟ್ಟಿರುತ್ತದೆ. ಡ್ರೈವರ್‌ನ ಆಂಟೆನಾ ಆಯ್ಕೆ ಬದಲಿಸಿದರೆ ಸರಿಹೋಗುತ್ತದೆ.

ಪ್ರಿಂಟರ್ ವಿಷಯದಲ್ಲಿ ಅಂಗಡಿ, ಕಚೇರಿಗಳಲ್ಲೆಲ್ಲ ಕಾಣುವ ಎರಡು ಮಾದರಿಗಳ ಕಥೆ ಬೇರೆ ಬೇರೆ. ಎಚ್‌ಪಿ ಲೇಸರ್‌ಜೆಟ್ 1020 ಮೊದಲು ಸುಮ್ಮನೆ ಕೂರುತ್ತದೆ, ಎಚ್‌ಪಿಯ ಲಿನಕ್ಸ್ ತಂತ್ರಾಂಶದ ಪ್ಲಗಿನ್ ಇಳಿಸಿದ ಕೂಡಲೇ ನಡೆಯುತ್ತದೆ. ಆನ್ ಮಾಡಿದಾಗಲೆಲ್ಲ ಅದಕ್ಕೆ ಕಂಪ್ಯೂಟರಿನಿಂದ ಫರ್ಮ್‌ವೇರ್ (ಪ್ರಿಂಟರನ್ನು ನಡೆಸುವ ಒಳಗಿನ ತಂತ್ರಾಂಶ) ಹೋಗಬೇಕು, ಪ್ಲಗಿನ್ ಮಾಡುವುದು ಅದನ್ನೇ. ಕ್ಯಾನನ್ ಎಲ್‌ಬಿಪಿ 2900 ಆದರೆ ಯೋಚಿಸಿ. ಅದರ ಕ್ಯಾಪ್ಟ್ ಡ್ರೈವರ್ ಲಿನಕ್ಸ್‌ನಲ್ಲಿ ಹಟಮಾರಿ, ಇವತ್ತು ನಡೆದದ್ದು ನಾಳೆ ನಿಲ್ಲುತ್ತದೆ. ದಿನಕ್ಕೆ ನೂರು ಪುಟ ಅದರಲ್ಲೇ ತೆಗೆಯುವವರು ಮಿಂಟ್‌ಗೆ ಹೋಗಬೇಡಿ.

ಕನ್ನಡದ ಮಾತು ಬಿಡಿಸಿ ಹೇಳಬೇಕು, ಹಲವರು ಹಿಂಜರಿಯುವುದು ಇಲ್ಲೇ. ಯೂನಿಕೋಡ್ ಕನ್ನಡ ಓದಲು ಬರೆಯಲು ಲಿನಕ್ಸ್‌ನಲ್ಲಿ ಯಾವ ಕೊರತೆಯೂ ಇಲ್ಲ. ನೋಟೊ, ಲೋಹಿತ್ ಅಲ್ಲದೆ ಗುಬ್ಬಿ, ನವಿಲು ಫಾಂಟ್‌ಗಳೂ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತವೆ. ಟೈಪಿಂಗಿಗೆ ಐಬಸ್ ಎಂಬ ಇನ್‌ಪುಟ್ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಇನ್‌ಪುಟ್ ವಿಧಾನಗಳಲ್ಲಿ ಕನ್ನಡದ ಕೆಳಗೆ ಕೆಜಿಪಿ ಆರಿಸಿಕೊಳ್ಳಿ. ಇದು ನುಡಿಯಲ್ಲಿ ರೂಢಿಯಾದ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆಯೇ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಇದೆ.

ತೊಡಕಿರುವುದು ಯೂನಿಕೋಡ್‌ಗಿಂತ ಮೊದಲಿನ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಹಳೆಯ ಆಸ್ಕಿ ಕಡತಗಳಲ್ಲಿ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ವರ್ಡ್ ಕಡತವನ್ನು ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಆ ಫಾಂಟ್ ಕಡತಗಳನ್ನು ವಿಂಡೋಸ್‌ನಿಂದ ನಕಲು ಮಾಡಿ ಇಲ್ಲಿ ಹಾಕಿಕೊಂಡರೆ ಕನ್ನಡ ಕಾಣುತ್ತದೆ, ಮುದ್ರಿಸಲೂ ಬಹುದು. ತಿದ್ದಬೇಕೆಂದರೆ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ವಿಂಡೋಸ್ ಇನ್ನೂ ಇರುವಾಗಲೇ ಆ ಕೆಲಸ ಮುಗಿಸಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ಬೆನ್ನಿಗೆ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಅಕ್ಷರಕ್ಕಿಂತ ಮೊದಲು ಬರಬೇಕು. ಈ ಅದಲುಬದಲಿನಲ್ಲಿ ‘ಕಾರ್ಯ’, ‘ವರ್ಷ’, ‘ನಿರ್ಣಯ’ದಂಥ ಪದಗಳೇ ಮೊದಲು ಕೆಡುತ್ತವೆ. ಎಕ್ಸೆಲ್ ಹಾಳೆಯಲ್ಲಿ ಕನ್ನಡ ಹೆಸರು, ಇಂಗ್ಲಿಷ್ ಸಂಖ್ಯೆ ಬೆರೆತಿದ್ದರೆ ಕನ್ನಡದ ಕಾಲಂಗಳನ್ನು ಮಾತ್ರ ಪರಿವರ್ತಿಸಿ.

ಸಿಸ್ಟಂ ಹಾಕಿದ ದಿನವೇ ಮಿಂಟ್‌ನ ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ (ಸಿಸ್ಟಂನ ಆ ಕ್ಷಣದ ಪ್ರತಿ) ತೆಗೆದಿಡಿ. ಯಾವುದೋ ಅಪ್‌ಡೇಟ್‌ನಿಂದ ಕೆಟ್ಟರೆ ಹಿಂದಿನ ಸ್ಥಿತಿಗೆ ಹತ್ತು ನಿಮಿಷದಲ್ಲಿ ಮರಳಬಹುದು. ನಿಮ್ಮ ಪತ್ರ, ಫೋಟೊಗಳ ಬ್ಯಾಕಪ್ ಇದಲ್ಲ, ಅದಕ್ಕೆ ಬೇರೆ ಡಿಸ್ಕ್ ಬೇಕು.

ದಾರಿ 4: ಕ್ರೋಮ್‌ಒಎಸ್ ಫ್ಲೆಕ್ಸ್

ಗೂಗಲ್ 2022ರಲ್ಲಿ ಹೊರತಂದ ಉಚಿತ ವ್ಯವಸ್ಥೆ. 4 ಜಿಬಿ ರ‍್ಯಾಮ್, 16 ಜಿಬಿ ಜಾಗ, 64 ಬಿಟ್ ಪ್ರೊಸೆಸರ್ ಸಾಕು, ಪೆನ್‌ಡ್ರೈವ್ 8 ಜಿಬಿ ಬೇಕು. ಅಪ್‌ಡೇಟ್ ತಾನಾಗಿ ಬರುತ್ತದೆ, ನೋಡಿಕೊಳ್ಳುವ ಕೆಲಸವೇ ಇಲ್ಲ. ಆದರೆ ಇದು ಬ್ರೌಸರ್‌ಗೆಂದೇ ಮಾಡಿದ್ದು. ಆಂಡ್ರಾಯ್ಡ್ ಆ್ಯಪ್‌ಗಳು ಇದರಲ್ಲಿ ನಡೆಯುವುದಿಲ್ಲ, ವಿಂಡೋಸ್ ಜೊತೆಗೆ ಇಟ್ಟುಕೊಳ್ಳಲೂ ಬರುವುದಿಲ್ಲ, ಹಾಕಿದರೆ ಡಿಸ್ಕ್ ಪೂರ್ತಿ ಅಳಿಯುತ್ತದೆ. ಗೂಗಲ್‌ನ ಪ್ರಮಾಣಿತ ಮಾದರಿಗಳ ಪಟ್ಟಿಯಲ್ಲಿ ಪ್ರತಿ ಯಂತ್ರದ ಎದುರಿಗೆ ಬೆಂಬಲ ಮುಗಿಯುವ ವರ್ಷವೂ ಇರುತ್ತದೆ. ನಿಮ್ಮ ಮಾದರಿಗೆ ಉಳಿದಿರುವುದು ಒಂದೆರಡು ವರ್ಷವಾದರೆ ಮಿಂಟ್‌ಗೇ ಹೋಗಿ. ಗೂಗಲ್ ಅಕೌಂಟಿನಲ್ಲೇ ಎಲ್ಲ ಪಾಠ ನಡೆಸುವ ಶಾಲೆಯ ಹತ್ತಿಪ್ಪತ್ತು ಒಂದೇ ಮಾದರಿಯ ಲ್ಯಾಪ್‌ಟಾಪ್‌ಗಳಿಗೆ ಇದಕ್ಕಿಂತ ಹಗುರವಾದ ಪರಿಹಾರ ಇಲ್ಲ.

ದಾರಿ 5: ಅರ್ಹತೆಯಿರುವ ಸೆಕೆಂಡ್ ಹ್ಯಾಂಡ್

ಟ್ಯಾಲಿ, ಟೋಕನ್, ಬೆರಳ ಗುರುತಿನ ಯಂತ್ರಗಳಿಂದಲೇ ಹೊಟ್ಟೆ ಹೊರೆಯುವವರಿಗೆ ಕೊನೆಗೆ ಇದೇ ದಾರಿ. ಕಂಪನಿಗಳು ಬಿಟ್ಟುಕೊಟ್ಟ 8ನೇ ಜನರೇಷನ್ ಲ್ಯಾಪ್‌ಟಾಪ್‌ಗಳು ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತವೆ. ದರ ಆಗಾಗ ಏರಿಳಿದರೂ ಹೊಸ ಲ್ಯಾಪ್‌ಟಾಪಿನ ಅರ್ಧಕ್ಕಿಂತ ಕಡಿಮೆಗೆ ಬರುತ್ತವೆ. ಮಾದರಿ ಹೆಸರಿನ ಒಂದು ಅಂಕಿಯ ವ್ಯತ್ಯಾಸದಲ್ಲಿ ಮೋಸ ಹೋಗಬೇಡಿ. ಥಿಂಕ್‌ಪ್ಯಾಡ್ ಟಿ470, ಡೆಲ್ ಲ್ಯಾಟಿಟ್ಯೂಡ್ 7480 ಎರಡೂ 6ನೇ, 7ನೇ ಜನರೇಷನ್‌ನವು, ಅನರ್ಹ. ಟಿ480, 7490 ಅರ್ಹ. ಅವುಗಳಲ್ಲೂ 7ನೇ ಜನರೇಷನ್ ಪ್ರೊಸೆಸರ್ ಹಾಕಿದ ಯಂತ್ರಗಳು ಮಾರುಕಟ್ಟೆಯಲ್ಲಿವೆ. ಆದ್ದರಿಂದ ಮೇಲಿನ ಹೆಸರು ಬಿಟ್ಟು, ಆನ್ ಮಾಡಿಸಿ ಸಿಸ್ಟಂ ಪುಟದಲ್ಲಿ ಪ್ರೊಸೆಸರ್ ಸಂಖ್ಯೆಯನ್ನೇ ಓದಿ. ಬಯೋಸ್‌ಗೆ ಹಳೆಯ ಕಂಪನಿಯ ಪಾಸ್‌ವರ್ಡ್ ಉಳಿದಿದೆಯೇ, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ, ಇವೆರಡನ್ನೂ ಅಂಗಡಿಯಲ್ಲೇ ನೋಡಿ. ಬಯೋಸ್ ಬೀಗ ಮನೆಗೆ ತಂದ ಮೇಲೆ ಬಿಚ್ಚುವುದು ತಲೆನೋವಿನ ಕೆಲಸ.

ಹಳೆಯ ಮ್ಯಾಕ್ ಇದ್ದವರಿಗೆ

ಓಪನ್‌ಕೋರ್ ಲೆಗಸಿ ಪ್ಯಾಚರ್ ಎಂಬ ಉಚಿತ ಸಾಧನದಿಂದ ಮ್ಯಾಕ್‌ಬುಕ್ ಏರ್ 2015, 2017ರಂಥ ಯಂತ್ರಗಳಿಗೆ ಆ್ಯಪಲ್ ನಿಲ್ಲಿಸಿದ ಮ್ಯಾಕ್‌ಒಎಸ್ ಮಾಂಟೆರೆ ಆವೃತ್ತಿಯಿಂದ ಮುಂದಕ್ಕೆ ಸಿಕೋಯ ಆವೃತ್ತಿಯವರೆಗೆ ಹೋಗಬಹುದು. 2012ಕ್ಕಿಂತ ಹಳೆಯವು ಮೆಟಲ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಯ ಬೆಂಬಲವಿಲ್ಲದೆ ತಡವರಿಸುತ್ತವೆ. ಡ್ರೈವರ್ ಸೇರಿಸಲು ಸಿಸ್ಟಂನ ಮುದ್ರೆ ಒಡೆಯುವುದರಿಂದ ಪ್ರತಿ ಅಪ್‌ಡೇಟ್‌ಗೂ 12 ಜಿಬಿಗಿಂತ ಹೆಚ್ಚು ಇಳಿಸಬೇಕು, ಆಮೇಲೆ ‘ರೂಟ್ ಪ್ಯಾಚ್’ ಮತ್ತೆ ಹಾಕಬೇಕು. ಮರೆತರೆ ವೈಫೈ ಇಲ್ಲ, ಗ್ರಾಫಿಕ್ಸ್ ಇಲ್ಲ. 2025ರ ಟಾಹೋ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯ ಆವೃತ್ತಿಯಾದ್ದರಿಂದ ಈ ದಾರಿ ಬೇಗ ಮುಗಿಯುತ್ತದೆ.

ಯಾರಿಗೆ ಯಾವುದು

ನಿವೃತ್ತರ ಮನೆಯ 4 ಜಿಬಿ ಲ್ಯಾಪ್‌ಟಾಪ್, ಕೆಲಸ ಯೂಟ್ಯೂಬ್, ಪತ್ರಿಕೆ, ವಿಡಿಯೊ ಕರೆ: ಎಸ್‌ಎಸ್‌ಡಿ ಹಾಕಿಸಿ, ಮಿಂಟ್ ಎಕ್ಸ್‌ಎಫ್‌ಸಿಇ. ಮೊದಲ ವಾರ ಪಕ್ಕದಲ್ಲಿ ಒಬ್ಬರಿರಲಿ.

ಕಿರಾಣಿ ಅಥವಾ ಹಾರ್ಡ್‌ವೇರ್ ಅಂಗಡಿ, ಟ್ಯಾಲಿ ಮತ್ತು ಜಿಎಸ್‌ಟಿ: ಈಗ ಇಎಸ್‌ಯು, ಅದು ಮುಗಿಯುವುದರೊಳಗೆ 8ನೇ ಜನರೇಷನ್ ಯಂತ್ರ. ಲೆಕ್ಕದ ಕಂಪ್ಯೂಟರಿನಲ್ಲಿ ರುಫಸ್ ಪ್ರಯೋಗ ಬೇಡ. ಮಾರ್ಚ್ ತಿಂಗಳಲ್ಲಂತೂ ಏನನ್ನೂ ಬದಲಿಸಬೇಡಿ.

ಎಂಜಿನಿಯರಿಂಗ್ ವಿದ್ಯಾರ್ಥಿ, 6ನೇ ಜನರೇಷನ್, 8 ಜಿಬಿ: ಎಸ್‌ಎಸ್‌ಡಿಯಲ್ಲಿ ಮಿಂಟ್, ಪಕ್ಕದಲ್ಲಿ ರುಫಸ್‌ನಿಂದ ವಿಂಡೋಸ್ 11. ವಿಂಡೋಸ್ ಮೊದಲು ಹಾಕಿ, ಆಮೇಲೆ ಮಿಂಟ್. ಹಿಂದುಮುಂದಾದರೆ ವಿಂಡೋಸ್ ಬೂಟ್ ಮೆನುವನ್ನು ತನ್ನ ಹೆಸರಿಗೆ ಬರೆದುಕೊಂಡು ಮಿಂಟ್ ಮರೆಯಾಗುತ್ತದೆ.

ಕೋರ್ 2 ಡ್ಯುಯೊ, 3–4 ಜಿಬಿ: ಮಿಂಟ್ ಎಕ್ಸ್‌ಎಫ್‌ಸಿಇ ಅಥವಾ ಡೆಬಿಯನ್ (ಇನ್ನೊಂದು ಬಗೆಯ ಲಿನಕ್ಸ್), ಬರವಣಿಗೆ ಮತ್ತು ಹಗುರ ಬ್ರೌಸಿಂಗ್‌ಗೆ. ಬರೀ 32 ಬಿಟ್‌ನ ಪ್ರೊಸೆಸರ್ ಆದರೆ ಡೆಬಿಯನ್ 13 ಕೂಡ ಕೈಬಿಟ್ಟಿದೆ. ಡೆಬಿಯನ್ 12ಕ್ಕೆ 2028ರ ಜೂನ್‌ವರೆಗೆ ದೀರ್ಘಾವಧಿ ಬೆಂಬಲ ಇದೆ. ಇಂಥ ಯಂತ್ರಕ್ಕೆ ಎಸ್‌ಎಸ್‌ಡಿ, ರ‍್ಯಾಮ್ ಎಂದು ದುಡ್ಡು ಹಾಕಬೇಡಿ.

ವಕೀಲರ ಕಚೇರಿ, ಸಂಘ–ಸಂಸ್ಥೆ, ಹತ್ತು ವರ್ಷದ ನುಡಿ ಕಡತ: ವಿಂಡೋಸ್ 10ನ್ನು ಇಎಸ್‌ಯು ಮೇಲೆ ಇಟ್ಟು, ಸಿಗುವ ಕಾಲವನ್ನು ಪರಿವರ್ತನೆಗೇ ಮೀಸಲಿಡಿ. ಮೂಲ ಆಸ್ಕಿ ಕಡತ ಮತ್ತು ಫಾಂಟ್‌ಗಳ ಒಂದು ಪ್ರತಿಯನ್ನು ಹೊರಗಿನ ಡಿಸ್ಕ್‌ನಲ್ಲಿ ಹಾಗೆಯೇ ಉಳಿಸಿ, ಪರಿವರ್ತಿತ ಕಡತಗಳನ್ನು ಬೇರೆ ಫೋಲ್ಡರ್‌ನಲ್ಲಿ ಹಾಕಿ. ಪ್ರಿಂಟರ್ ಎಚ್‌ಪಿಯದಾದರೆ ಆಮೇಲೆ ಮಿಂಟ್‌ಗೆ ಹೋಗಬಹುದು. ಡಿಜಿಟಲ್ ಸಹಿಯ ಟೋಕನ್ ಇದ್ದರೆ ಅದನ್ನು ಪೆನ್‌ಡ್ರೈವ್‌ನಿಂದ ಓಡುವ ಮಿಂಟ್‌ನಲ್ಲಿ ನಿಮ್ಮದೇ ಪೋರ್ಟಲ್‌ನಲ್ಲಿ ಪರೀಕ್ಷಿಸಿ, ಒಂದು ಸಹಿ ಬಿದ್ದದ್ದು ಕಣ್ಣಾರೆ ಕಂಡ ಮೇಲೆಯೇ ಡಿಸ್ಕ್ ಫಾರ್ಮ್ಯಾಟ್ ಮಾಡಿ.